ಕಚೇರಿಯಲ್ಲಿ ‘ನೋಡೋಣ’ ಎಂಬ ಉತ್ತರವನ್ನು ದಾಟುವುದು ಹೇಗೆ?

ಕಚೇರಿಯಲ್ಲಿ ಒಂದು ಒಳ್ಳೆಯ ಸಲಹೆ ಮುಂದಿಟ್ಟರೆ ‘ಬೇಡ’ ಎಂಬ ಉತ್ತರ ಬರುವುದು ಅಪರೂಪ. ಬರುವುದು ‘ನೋಡೋಣ’. ಹಾಗೆಂದವರು ಕೆಟ್ಟ ಮನಸ್ಸಿನಿಂದ ಹೇಳಿರುವುದಿಲ್ಲ. ನೀವು ಕೇಳಿದ್ದೇನು ಎಂಬುದು ಅವರಿಗೆ ಪೂರ್ತಿ ತಿಳಿದಿಲ್ಲ, ಒಪ್ಪಿದರೆ ತಮ್ಮ ತಲೆಗೆ ಏನು ಬರುತ್ತದೋ ಗೊತ್ತಿಲ್ಲ, ಇನ್ನೂ ಯಾರ್‍ಯಾರನ್ನು ಕೇಳಬೇಕೋ ಎಂಬ ಅನುಮಾನ ಬೇರೆ. ಈ ಮೂರನ್ನೂ ಕೂತು ಬಗೆಹರಿಸಲು ಅವರಿಗೆ ಪುರುಸೊತ್ತಿಲ್ಲ. ವಿಷಯ ಪಕ್ಕಕ್ಕೆ ಸರಿಯುತ್ತದೆ, ಎರಡು ವಾರದಲ್ಲಿ ಮರೆತೂ ಹೋಗುತ್ತದೆ.

ಮನವೊಲಿಸುವುದೆಂದರೆ ಮಾತಿನ ಮೋಡಿ ಎಂದು ತಿಳಿದವರು ಬಹಳ ಮಂದಿ. ಮಾತು ಚೆನ್ನಾಗಿದ್ದರೆ ಒಳ್ಳೆಯದೇ. ಆದರೆ ಕಚೇರಿಯಲ್ಲಿ ಒಪ್ಪಿಗೆ ಪಡೆಯುವವರು ಮಾಡುವ ಕೆಲಸ ಬೇರೆ: ಕೇಳಿಸಿಕೊಳ್ಳುವವರು ಮಾಡಬೇಕಾಗಿದ್ದ ಲೆಕ್ಕ, ವಿಚಾರಣೆ, ಅನುಮಾನ ಪರಿಹಾರ ಎಲ್ಲವನ್ನೂ ತಾವೇ ಮೊದಲು ಮುಗಿಸಿ, ಹೌದು ಅಥವಾ ಇಲ್ಲ ಎಂದು ಹೇಳುವಷ್ಟನ್ನು ಮಾತ್ರ ಅವರಿಗೆ ಉಳಿಸುತ್ತಾರೆ. ಇದನ್ನು ಯಾರು ಬೇಕಾದರೂ ಕಲಿಯಬಹುದು. ಸಂಕೋಚದ ಸ್ವಭಾವದವರಿಗೂ ಇದು ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಮುಕ್ಕಾಲು ಪಾಲು ಕೆಲಸ ನಡೆಯುವುದು ಮಾತಾಡುವ ಮೊದಲು.

ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ನೀವು ಅಕೌಂಟ್ಸ್ ವಿಭಾಗದಲ್ಲಿದ್ದೀರಿ. ಬೇರೆ ವಿಭಾಗದವರು ಬಿಲ್‌ಗಳನ್ನು ತಿಂಗಳ ಕೊನೆಯ ದಿನದವರೆಗೂ ತಂದು ಸುರಿಯುತ್ತಾರೆ. ತಿಂಗಳ ಲೆಕ್ಕ ಮುಗಿಸುವುದು ತಡವಾಗುತ್ತದೆ. ಬಿಲ್ ಕೊಡುವ ಕೊನೆಯ ದಿನ 30ರ ಬದಲು 25 ಆಗಬೇಕು ಎಂಬುದು ನಿಮ್ಮ ಬೇಡಿಕೆ.

1. ಕೇಳಬೇಕಾದದ್ದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಯಾರು, ಏನು ಮಾಡಬೇಕು, ಯಾವಾಗಿನೊಳಗೆ. ‘ಬಿಲ್ ವಿಷಯ ಮಾತಾಡಬೇಕಿತ್ತು’ ಎಂಬುದು ಬೇಡಿಕೆಯಲ್ಲ, ಬರೀ ವಿಷಯ. ‘ಬಿಲ್‌ಗಳು ಬೇಗ ಬಂದರೆ ಅನುಕೂಲ’ ಎಂಬುದೂ ಬೇಡಿಕೆಯಲ್ಲ, ಆಸೆ. ‘ಮುಂದಿನ ತಿಂಗಳಿಂದ ಎಲ್ಲ ವಿಭಾಗದವರೂ 25ನೇ ತಾರೀಖಿನೊಳಗೆ ಬಿಲ್ ಕೊಡಬೇಕೆಂಬ ಸುತ್ತೋಲೆಗೆ ಈ ಶುಕ್ರವಾರದೊಳಗೆ ಹಣಕಾಸು ವಿಭಾಗದ ಮುಖ್ಯಸ್ಥರ ಸಹಿ ಬೇಕು’ ಎಂದಾಗ ಅದು ಬೇಡಿಕೆ. ಈ ವಾಕ್ಯ ಬರೆಯಲು ಆಗದಿದ್ದರೆ ಇನ್ನೂ ಮಾತಾಡುವ ಹೊತ್ತು ಬಂದಿಲ್ಲ ಎಂದೇ ಅರ್ಥ.

ಇದು ಇಷ್ಟು ಸರಳವಾಗಿದ್ದರೂ ಏಕೆ ತಪ್ಪುತ್ತದೆ ಎಂಬುದನ್ನು 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಸೊಗಸಾಗಿ ತೋರಿಸಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿಂದ ಕುಟ್ಟುವುದು, ಇನ್ನೊಬ್ಬರು ಹಾಡು ಯಾವುದೆಂದು ಹೇಳುವುದು. ಅರ್ಧದಷ್ಟಾದರೂ ಗುರುತಿಸುತ್ತಾರೆ ಎಂದು ಕುಟ್ಟುವವರು ಅಂದುಕೊಂಡಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು 3. ಕುಟ್ಟುವವರ ತಲೆಯೊಳಗೆ ಪೂರ್ತಿ ರಾಗ ಮೊಳಗುತ್ತಿರುತ್ತದೆ, ಎದುರಿನವರಿಗೆ ಕೇಳಿಸುವುದು ಬರೀ ಟಕ್ ಟಕ್. ಆರು ತಿಂಗಳಿಂದ ಬಿಲ್‌ಗಳ ಜೊತೆ ಗುದ್ದಾಡಿದ ನಿಮಗೆ ‘ಬಿಲ್ ತಡವಾಗ್ತಿದೆ ಸರ್’ ಎಂಬ ಮೂರು ಪದದಲ್ಲಿ ಇಡೀ ಕಥೆ ಕೇಳಿಸುತ್ತದೆ. ಅವರಿಗೆ ಕೇಳಿಸುವುದು ಒಂದು ದೂರು ಮಾತ್ರ.

ಬರೆದ ವಾಕ್ಯವನ್ನು ನಿಮ್ಮ ವಿಭಾಗಕ್ಕೆ ಸಂಬಂಧವೇ ಇಲ್ಲದ ಒಬ್ಬರಿಗೆ ಓದಿ ಹೇಳಿ, ‘ನಾನು ಏನು ಕೇಳ್ತಿದ್ದೀನಿ ಹೇಳಿ ನೋಡೋಣ’ ಎನ್ನಿ. ಅವರು ಸರಿಯಾಗಿ ಹೇಳಿದರೆ ಮುಂದಕ್ಕೆ ಹೋಗಿ.

2. ಒಪ್ಪುವವರು ಯಾರು, ತಡೆಯಬಲ್ಲವರು ಯಾರು

ಸಹಿ ಹಾಕುವವರು ಒಬ್ಬರೇ ಇರಬಹುದು. ಆದರೆ ಸಹಿ ಹಾಕುವ ಮೊದಲು ಅವರು ಒಬ್ಬಿಬ್ಬರ ಮುಖ ನೋಡುತ್ತಾರೆ. ನಿರ್ಧಾರದಿಂದ ಕೆಲಸ ಹೆಚ್ಚುವವರು ಇನ್ನೂ ಕೆಲವರು. ಈ ಮೂರೂ ಬಗೆಯವರ ಹೆಸರು ಬರೆದು, ಪ್ರತಿ ಹೆಸರಿನ ಮುಂದೆ ಎರಡು ವಿಷಯ ಬರೆಯಿರಿ: ಇದರಿಂದ ಅವರಿಗೆ ಬೀಳುವ ಹೊರೆ ಏನು, ಸಿಗುವ ಲಾಭ ಏನು. ಲಾಭದ ಜಾಗ ಖಾಲಿ ಉಳಿದರೆ ಅಲ್ಲಿಯೇ ವಿರೋಧ ಹುಟ್ಟುತ್ತದೆ.

ನಮ್ಮ ಉದಾಹರಣೆಯಲ್ಲಿ ಮಾರಾಟ ವಿಭಾಗದವರು ‘25 ಸಾಧ್ಯವೇ ಇಲ್ಲ’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು, 25 ಏಕೆ ಒಳ್ಳೆಯದು ಎಂದು ಇನ್ನೊಮ್ಮೆ ಜೋರಾಗಿ ಹೇಳುವುದು. ಬದಲಿಗೆ ಕೇಳಬೇಕಾದ ಪ್ರಶ್ನೆ: ‘25ಕ್ಕೆ ಕೊಡೋದ್ರಲ್ಲಿ ಯಾವುದು ಕಷ್ಟ ಆಗುತ್ತೆ?’ ಆಗ ಗೊತ್ತಾಗುತ್ತದೆ, ಅವರ ಹುಡುಗರು 28ರವರೆಗೂ ಪ್ರವಾಸದಲ್ಲಿರುತ್ತಾರೆ, ಬಿಲ್‌ಗಳು ಅವರ ಬ್ಯಾಗಿನಲ್ಲೇ ಇರುತ್ತವೆ. ಅಂದರೆ ಅವರ ತಕರಾರು ದಿನಾಂಕದ ಮೇಲಲ್ಲ, ಕಾಗದ ಕೈಗೆ ಬರುವುದರ ಮೇಲೆ. ಬಿಲ್‌ನ ಫೋಟೊ 25ಕ್ಕೆ ಕಳಿಸಿದರೆ ಸಾಕು, ಮೂಲ ಪ್ರತಿ ಪ್ರವಾಸ ಮುಗಿದ ಮೇಲೆ ಕೊಡಬಹುದು ಎಂದರೆ ಅರ್ಧ ಜಗಳ ಅಲ್ಲಿಗೇ ಮುಗಿಯಿತು. ಬಾಯಲ್ಲಿ ಹೇಳುವ ಪಟ್ಟು ಒಂದು, ಅದರ ಹಿಂದಿರುವ ಅಗತ್ಯ ಇನ್ನೊಂದು. ಪಟ್ಟಿನ ಜೊತೆ ವಾದಿಸಿದರೆ ಇಬ್ಬರಿಗೂ ಸುಸ್ತು. ಅಗತ್ಯ ಗೊತ್ತಾದರೆ ದಾರಿ ಹುಡುಕಬಹುದು.

ಈ ಮಾತುಕತೆಯನ್ನು ಮೀಟಿಂಗಿನಲ್ಲಿ ಎಲ್ಲರೆದುರು ಮಾಡಬೇಡಿ. ಮೊದಲೇ, ಒಬ್ಬೊಬ್ಬರನ್ನೇ ಕಂಡು ಹತ್ತು ನಿಮಿಷ ಮಾತಾಡಿ. ಜಪಾನಿನ ಕಂಪನಿಗಳಲ್ಲಿ ಇದಕ್ಕೊಂದು ಹೆಸರೇ ಇದೆ, ‘ನೆಮಾವಾಶಿ’. ಅದು ತೋಟಗಾರಿಕೆಯ ಪದ: ಬೆಳೆದ ಮರವನ್ನು ಬೇರೆ ಕಡೆ ನೆಡುವ ಮೊದಲು ಬೇರಿನ ಸುತ್ತ ಮೆಲ್ಲಗೆ ಅಗೆದು, ಬೇರುಗಳನ್ನು ಸಜ್ಜುಗೊಳಿಸುವ ಕೆಲಸ. ಏಕಾಏಕಿ ಕಿತ್ತು ನೆಟ್ಟರೆ ಮರ ಒಣಗುತ್ತದೆ. ಸಭೆಯಲ್ಲಿ ಏಕಾಏಕಿ ಕೇಳಿದ ಹೊಸ ವಿಷಯಕ್ಕೆ ಜನ ತಮ್ಮನ್ನು ಕಾಪಾಡಿಕೊಳ್ಳಲು ಮೊದಲು ‘ಇಲ್ಲ’ ಎನ್ನುತ್ತಾರೆ. ಹತ್ತು ಮಂದಿಯ ಮುಂದೆ ಒಮ್ಮೆ ‘ಇಲ್ಲ’ ಎಂದವರಿಗೆ ಅದನ್ನು ಹಿಂತೆಗೆದುಕೊಳ್ಳುವುದು ಮರ್ಯಾದೆಯ ಪ್ರಶ್ನೆಯಾಗುತ್ತದೆ. ಒಬ್ಬರೇ ಇದ್ದಾಗ ಅದೇ ಮನುಷ್ಯ ‘ಹಾಗೆ ಮಾಡೋದಾದ್ರೆ ನಂದೇನೂ ಅಭ್ಯಂತರ ಇಲ್ಲ’ ಎನ್ನುತ್ತಾರೆ.

ಹೀಗೆ ಹೋದಾಗ ಸಿದ್ಧ ಪ್ರಸ್ತಾವ ತೋರಿಸಿ ‘ಒಪ್ಪಿಕೊಳ್ಳಿ’ ಎನ್ನಬೇಡಿ. ಅರ್ಧ ಮಾಡಿದ ಕರಡು ತೋರಿಸಿ, ‘ನಿಮ್ಮ ಕಡೆಯಿಂದ ನೋಡಿದ್ರೆ ಇದ್ರಲ್ಲಿ ಏನು ತಪ್ಪಿದೆ?’ ಎಂದು ಕೇಳಿ. ಅವರು ಹೇಳಿದ ಒಂದು ತಿದ್ದುಪಡಿಯನ್ನಾದರೂ ನಿಜವಾಗಿ ಸೇರಿಸಿ. ಸುಮ್ಮನೆ ಕೇಳಿದಂತೆ ಮಾಡಿ ಸೇರಿಸದೆ ಬಿಟ್ಟರೆ ಮುಂದಿನ ಸಲ ಆ ಬಾಗಿಲು ತೆರೆಯುವುದಿಲ್ಲ.

3. ಕಾರಣ, ಮತ್ತು ಅದರ ಬೆನ್ನಿಗೆ ನಿಲ್ಲುವ ಅಂಕಿ

1978ರಲ್ಲಿ ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಮತ್ತು ಸಂಗಡಿಗರು ಝೆರಾಕ್ಸ್ ಯಂತ್ರದ ಮುಂದೆ ನಡೆಸಿದ ಪ್ರಯೋಗವನ್ನು ಮನವೊಲಿಕೆಯ ತರಬೇತಿಗಳಲ್ಲಿ ತಪ್ಪದೆ ಹೇಳುತ್ತಾರೆ, ಅದೂ ಅರ್ಧ ಮಾತ್ರ. ‘ಐದು ಪುಟ ಇದೆ, ನಾನು ಮೊದಲು ಮಾಡಿಕೊಳ್ಳಲಾ?’ ಎಂದಾಗ ನೂರಕ್ಕೆ 60 ಮಂದಿ ಬಿಟ್ಟರು. ‘ನನಗೆ ಅವಸರ ಇದೆ’ ಎಂಬ ಕಾರಣ ಸೇರಿಸಿದಾಗ 94. ‘ಪ್ರತಿ ತೆಗೀಬೇಕಾಗಿದೆ’ ಎಂಬ, ಕಾರಣವೇ ಅಲ್ಲದ ಕಾರಣ ಕೊಟ್ಟಾಗಲೂ 93. ಇಲ್ಲಿಗೆ ನಿಲ್ಲಿಸಿ, ಯಾವ ಕಾರಣ ಕೊಟ್ಟರೂ ನಡೆಯುತ್ತದೆ ಎಂದು ಹೇಳಿಬಿಡುತ್ತಾರೆ. ಉಳಿದರ್ಧ ಹೀಗಿದೆ: ಐದರ ಬದಲು ಇಪ್ಪತ್ತು ಪುಟ ಎಂದಾಗ, ಕಾರಣ ಕೊಡದೆ ಕೇಳಿದರೂ ಪೊಳ್ಳು ಕಾರಣ ಕೊಟ್ಟರೂ ಬಿಟ್ಟವರು 24, ನಿಜವಾದ ಕಾರಣಕ್ಕೆ 42. ಸಣ್ಣ ಬೇಡಿಕೆಗೆ ಯಾವುದೋ ಒಂದು ಕಾರಣ ಸಾಕು. ಎದುರಿನವರಿಗೆ ಹೊರೆ ಬೀಳುವ ಬೇಡಿಕೆಗೆ ಗಟ್ಟಿ ಕಾರಣವೇ ಬೇಕು. ಕಚೇರಿಯಲ್ಲಿ ನೀವು ಇಷ್ಟು ಶ್ರಮಪಟ್ಟು ಕೇಳುವುದು ಬಹುಪಾಲು ಇಪ್ಪತ್ತು ಪುಟದ ಬೇಡಿಕೆಗಳೇ.

ಗಟ್ಟಿ ಕಾರಣ ಎಂದರೆ ಉದ್ದ ಕಾರಣ ಅಲ್ಲ. ಬಿಲ್ ಪ್ರಕರಣದಲ್ಲಿ ಕಳೆದ ಆರು ತಿಂಗಳ ರಿಜಿಸ್ಟರ್ ತೆಗೆದು ಎಣಿಸಿ. ಒಟ್ಟು 480 ಬಿಲ್ ಬಂದಿವೆ, ಅದರಲ್ಲಿ 170 ತಿಂಗಳ ಕೊನೆಯ ಎರಡು ದಿನದಲ್ಲಿ ಬಂದಿವೆ ಎಂದಿರಲಿ. ಇಷ್ಟೇ ಹೇಳಿದರೆ ‘ಬಂದರೆ ಏನಾಯ್ತು?’ ಎಂಬ ಪ್ರಶ್ನೆ ಏಳುತ್ತದೆ. ಇನ್ನೊಂದು ಹೆಜ್ಜೆ ಹೋಗಿ: ಕೊನೆಯಲ್ಲಿ ಬಂದ 170ರಲ್ಲಿ 38 ತಪ್ಪಾಗಿ ನಮೂದಾಗಿ ಮತ್ತೆ ತಿದ್ದಬೇಕಾಯಿತು, ಮೊದಲೇ ಬಂದ 310ರಲ್ಲಿ ತಪ್ಪಾದದ್ದು 14. ಈಗ ಅಂಕಿ ಮಾತಾಡುತ್ತದೆ. ಗಮನಿಸಿ, ಇಲ್ಲಿ ಕೆಲಸ ಮಾಡಿದ್ದು 38 ಅಲ್ಲ, ಅದರ ಪಕ್ಕ ಇಟ್ಟ 14.

ಹೋಲಿಕೆ ಇಲ್ಲದ ಅಂಕಿ ಎಷ್ಟು ದುರ್ಬಲ ಎಂಬುದಕ್ಕೆ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ದುರಂತಕ್ಕಿಂತ ನೋವಿನ ಸಾಕ್ಷಿ ಇಲ್ಲ. 1986ರ ಜನವರಿ 27ರ ರಾತ್ರಿ, ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರ್‌ಗಳು ಚಳಿಯಲ್ಲಿ ರಬ್ಬರ್ ಸೀಲುಗಳು ಕೈಕೊಡಬಹುದು, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಉಡಾವಣೆ ಬೇಡ ಎಂದು ದೂರವಾಣಿ ಸಭೆಯಲ್ಲಿ ಹೇಳಿದರು. ಅವರು ಹೇಳಿದ್ದು ಸರಿಯೇ ಇತ್ತು. ಆದರೆ ಹಾನಿ ಕಂಡ ಹಾರಾಟಗಳ ಜೊತೆ ಹಾನಿಯಾಗದ ಹಾರಾಟಗಳನ್ನೂ ಇಟ್ಟು, ತಾಪಮಾನದ ಪ್ರಕಾರ ಜೋಡಿಸಿದ ಒಂದು ಚಿತ್ರ ಆ ರಾತ್ರಿ ಯಾರ ಮುಂದೆಯೂ ಇರಲಿಲ್ಲ. ತಣ್ಣಗಿದ್ದಾಗಲೂ ಹಾನಿ ಆಗಿದೆ, ಬೆಚ್ಚಗಿದ್ದಾಗಲೂ ಆಗಿದೆ, ಹಾಗಾದರೆ ಚಳಿಯದೇ ತಪ್ಪು ಎನ್ನುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಕಂಪನಿಯ ಆಡಳಿತದವರು ಮಣಿದರು. ಮರುದಿನ ಸುಮಾರು 2 ಡಿಗ್ರಿಯಲ್ಲಿ ನೌಕೆ ಹಾರಿತು, ಏಳು ಮಂದಿ ಸತ್ತರು. ಆಮೇಲೆ ತನಿಖಾ ಆಯೋಗ ಎಲ್ಲ ಹಾರಾಟಗಳನ್ನೂ ಜೋಡಿಸಿ ನೋಡಿತು: ಸುಮಾರು 19 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದ 20 ಹಾರಾಟಗಳಲ್ಲಿ ಹಾನಿಯ ಗುರುತಿದ್ದದ್ದು 3ರಲ್ಲಿ, ಸುಮಾರು 17 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದ 4 ಹಾರಾಟಗಳಲ್ಲಿ ನಾಲ್ಕರಲ್ಲೂ. ಅದೇ ಕಾಗದಗಳು, ಅದೇ ಅಂಕಿಗಳು. ಸಮಸ್ಯೆ ಆದ ಸಲಗಳನ್ನು ಮಾತ್ರ ತೋರಿಸಬೇಡಿ, ಆಗದ ಸಲಗಳನ್ನೂ ಪಕ್ಕದಲ್ಲಿಡಿ. ವ್ಯತ್ಯಾಸ ಕಣ್ಣಿಗೆ ಕಾಣುವುದು ಆಗಲೇ.

ಅಂಕಿಗಳು ಮೂರಕ್ಕಿಂತ ಹೆಚ್ಚು ಬೇಡ. ಉಳಿದದ್ದನ್ನು ಬೇರೆ ಹಾಳೆಯಲ್ಲಿ ಸಿದ್ಧವಿಟ್ಟುಕೊಂಡು ಕೇಳಿದರೆ ಕೊಡಿ. ಹತ್ತು ಕಾರಣ ಕೊಟ್ಟರೆ ಕೇಳುವವರು ಅದರಲ್ಲಿ ಅತ್ಯಂತ ಸಡಿಲವಾದ ಒಂದನ್ನು ಹಿಡಿದು ಎಳೆಯುತ್ತಾರೆ, ಉಳಿದ ಒಂಬತ್ತೂ ಅದರ ಜೊತೆ ಬೀಳುತ್ತವೆ.

ಲಾಭಕ್ಕಿಂತ ನಷ್ಟ ಮನಸ್ಸಿಗೆ ಹೆಚ್ಚು ತಾಕುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ವಿವರಿಸಿದ್ದಾರೆ. ಹಾಗಾಗಿ ‘25 ಮಾಡಿದರೆ ಕೆಲಸ ಸುಗಮ’ ಎನ್ನುವುದಕ್ಕಿಂತ ‘ಈಗಿನ ಪದ್ಧತಿಯಲ್ಲಿ ತಿಂಗಳಿಗೆ ಆರೇಳು ಬಿಲ್ ಎರಡೆರಡು ಸಲ ನಮೂದಿಸುತ್ತಿದ್ದೇವೆ’ ಎಂಬುದು ಹೆಚ್ಚು ತಟ್ಟುತ್ತದೆ. ನಷ್ಟ ನಿಜವಾಗಿದ್ದರೆ ಮಾತ್ರ ಹೀಗೆ ಹೇಳಿ. ಇಲ್ಲದ ಭಯ ಹುಟ್ಟಿಸಿ ಪಡೆದ ಒಪ್ಪಿಗೆ ಒಂದು ಸಲಕ್ಕೆ ಸಿಗುತ್ತದೆ, ನೀವು ಅದೇ ಜನರ ಜೊತೆ ವರ್ಷಗಟ್ಟಲೆ ಕೆಲಸ ಮಾಡಬೇಕು.

4. ಮೇಲ್ ಕಳಿಸುವುದೋ, ಎದುರು ಹೋಗುವುದೋ

ಸುಮ್ಮನೆ ತಿಳಿಸುವುದಾದರೆ ಮೇಲ್. ಒಪ್ಪಿಸಬೇಕಾದರೆ ಎದುರುಬದುರು, ಅದಾಗದಿದ್ದರೆ ಫೋನ್. ಎಂ. ಮಹ್ದಿ ರೊಘನಿಜಾದ್ ಮತ್ತು ವನೆಸ್ಸಾ ಬಾನ್ಸ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರು ಅಪರಿಚಿತರ ಬಳಿ ಒಂದು ಪ್ರಶ್ನಾವಳಿ ತುಂಬಿಕೊಡಿ ಎಂದು ಕೇಳಿದರು, ಕೆಲವರು ಎದುರು ನಿಂತು, ಕೆಲವರು ಮೇಲ್ ಮೂಲಕ. ಎದುರು ಕೇಳಿದ್ದು 34 ಪಟ್ಟು ಹೆಚ್ಚು ಫಲ ಕೊಟ್ಟಿತು. ಮೇಲ್ ಕಳಿಸಿದವರಿಗೆ ಈ ಅಂತರದ ಅಂದಾಜೇ ಇರಲಿಲ್ಲ. ಅಲ್ಲಿದ್ದವರು ಅಪರಿಚಿತರು, ಸಹೋದ್ಯೋಗಿಗಳ ನಡುವೆ ಅಂತರ ಅಷ್ಟಿರಲಾರದು. ಆದರೂ ನಾಲ್ಕು ಹೆಜ್ಜೆ ನಡೆದು ಅವರ ಮೇಜಿನ ಹತ್ತಿರ ಹೋಗುವುದರ ಬೆಲೆ ಗೊತ್ತಾಗಲು ಇದು ಸಾಕು.

ಮೇಲ್‌ನಲ್ಲಿ ಧ್ವನಿ ಹೋಗುವುದಿಲ್ಲ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತಿತರರು 2005ರಲ್ಲಿ ಇದನ್ನು ಅಳೆದರು. ತಾವು ಬರೆದದ್ದು ವ್ಯಂಗ್ಯವೋ ನಿಜವೋ ಎಂಬುದು ಓದುವವರಿಗೆ ನೂರಕ್ಕೆ 78 ಸಲ ತಿಳಿಯುತ್ತದೆ ಎಂದು ಬರೆದವರು ನಂಬಿದ್ದರು. ತಿಳಿದದ್ದು 56 ಸಲ, ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪ ಮೇಲೆ. ಆದ್ದರಿಂದ ಮೇಲ್‌ನಲ್ಲಿ ತಮಾಷೆ ಬೇಡ, ಚುಚ್ಚುಮಾತು ಬೇಡವೇ ಬೇಡ. ಅಸಮಾಧಾನ ಹೇಳಬೇಕಾಗಿದ್ದರೆ ಬಾಯಲ್ಲೇ ಹೇಳಿ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕು. ಸಂವಹನದಲ್ಲಿ ಪದಗಳ ಪಾಲು ನೂರಕ್ಕೆ 7 ಮಾತ್ರ, ಉಳಿದದ್ದೆಲ್ಲ ಧ್ವನಿ ಮತ್ತು ಮುಖಭಾವ ಎಂಬ ಮಾತು ಬಹಳ ಕಡೆ ಓಡಾಡುತ್ತದೆ. ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ನಡೆಸಿದ ಪ್ರಯೋಗಗಳು ನೋಡಿದ್ದು ಇಷ್ಟೇ: ಆಡಿದ ಒಂದು ಪದಕ್ಕೂ ಆಡಿದವರ ಧ್ವನಿ ಮುಖಗಳಿಗೂ ಹೊಂದಿಕೆ ಇಲ್ಲದಾಗ, ಅವರ ಮನಸ್ಸಿನ ಇಷ್ಟಾನಿಷ್ಟವನ್ನು ಕೇಳುಗರು ಯಾವುದರಿಂದ ಅಳೆಯುತ್ತಾರೆ ಎಂಬುದನ್ನು. ನಿಮ್ಮ ಬಿಲ್ ಪ್ರಸ್ತಾವಕ್ಕೆ ಅದು ಅನ್ವಯಿಸುವುದಿಲ್ಲ. ನಿಂತ ಭಂಗಿ ಎಷ್ಟೇ ಚೆನ್ನಾಗಿದ್ದರೂ ಪದಗಳು ಅಸ್ಪಷ್ಟವಾಗಿದ್ದರೆ ಉತ್ತರ ‘ನೋಡೋಣ’ ಎಂದೇ ಬರುತ್ತದೆ.

ಮಾತಾಡಿದ ಮೇಲೆ ದಾಖಲೆಗೆ ಮೇಲ್ ಬೇಕೇ ಬೇಕು. ಸಾಮಾನ್ಯವಾಗಿ ಹೋಗುವ ಮೇಲ್ ಹೀಗಿರುತ್ತದೆ:

*ವಿಷಯ: ಬಿಲ್‌ಗಳ ಬಗ್ಗೆ*
*ಸರ್, ಕೆಲವು ತಿಂಗಳಿಂದ ಬಿಲ್‌ಗಳು ತಡವಾಗಿ ಬರುತ್ತಿರುವುದು ತಮ್ಮ ಗಮನಕ್ಕೆ ಬಂದಿರಬಹುದು. ಹಲವು ಬಾರಿ ಹೇಳಿದರೂ ಪ್ರಯೋಜನವಾಗಿಲ್ಲ. ಇದರಿಂದ ನಮ್ಮ ವಿಭಾಗಕ್ಕೆ ಬಹಳ ತೊಂದರೆಯಾಗುತ್ತಿದೆ. ದಯವಿಟ್ಟು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.*

‘ಸೂಕ್ತ ಕ್ರಮ’ ಎಂಬ ಎರಡು ಪದಗಳಲ್ಲಿ ಇಡೀ ಕೆಲಸವನ್ನು ಓದುವವರ ತಲೆಗೆ ಹಾಕಿದ್ದಾಯಿತು. ಯಾವ ಕ್ರಮ, ಯಾರ ಮೇಲೆ, ಯಾವಾಗ ಎಂದು ಅವರೇ ಯೋಚಿಸಬೇಕು. ‘ಹಲವು ಬಾರಿ ಹೇಳಿದರೂ’ ಎಂಬುದರಲ್ಲಿ ಆರೋಪವಿದೆ, ಇದನ್ನು ಯಾರಾದರೂ ಮಾರಾಟ ವಿಭಾಗಕ್ಕೆ ಕಳಿಸಿದರೆ ಜಗಳ ಶುರು. ಇದನ್ನೇ ಹೀಗೆ ಬರೆಯಬಹುದು:

*ವಿಷಯ: ಬಿಲ್ ಕೊಡುವ ಕೊನೆಯ ದಿನ 25 – ಶುಕ್ರವಾರದೊಳಗೆ ನಿಮ್ಮ ಒಪ್ಪಿಗೆ ಬೇಕು*
*ಸರ್, ಮುಂದಿನ ತಿಂಗಳಿಂದ ಮೂರು ತಿಂಗಳ ಮಟ್ಟಿಗೆ ಬಿಲ್ ಕೊಡುವ ಕೊನೆಯ ದಿನವನ್ನು 30ರಿಂದ 25ಕ್ಕೆ ತರಲು ನಿಮ್ಮ ಒಪ್ಪಿಗೆ ಕೋರುತ್ತೇನೆ. ಆರು ತಿಂಗಳಲ್ಲಿ ಕೊನೆಯ ಎರಡು ದಿನ ಬಂದ 170 ಬಿಲ್‌ಗಳಲ್ಲಿ 38ನ್ನು ತಿದ್ದಬೇಕಾಯಿತು, ಮೊದಲೇ ಬಂದ 310ರಲ್ಲಿ 14ನ್ನು. ಪ್ರವಾಸದಲ್ಲಿರುವವರು 25ಕ್ಕೆ ಫೋಟೊ ಕಳಿಸಿ ಮೂಲ ಪ್ರತಿ ಆಮೇಲೆ ಕೊಡಬಹುದು, ಇದಕ್ಕೆ ಮಾರಾಟ ವಿಭಾಗದವರು ಒಪ್ಪಿದ್ದಾರೆ. 25ರ ನಂತರ ಮಾಡಿದ ಖರ್ಚಿನ ಬಿಲ್ ಮುಂದಿನ ತಿಂಗಳಿಗೆ ಹೋಗುತ್ತದೆ, ಕೆಲವರಿಗೆ ಹಣ ಕೈಸೇರುವುದು ತಡವಾಗುತ್ತದೆ. ಸುತ್ತೋಲೆಯ ಕರಡು ಲಗತ್ತಿಸಿದ್ದೇನೆ.*

ಬೇಡಿಕೆ ಮೊದಲ ಸಾಲಲ್ಲಿದೆ. ಫೋನಿನ ಪರದೆಯಲ್ಲಿ ವಿಷಯದ ಸಾಲು ಮಾತ್ರ ಓದಿದರೂ ಏನು, ಯಾವಾಗ ಎಂಬುದು ತಿಳಿಯುತ್ತದೆ. ಸಹಿಗೆ ಸಿದ್ಧವಾದ ಕರಡು ಜೊತೆಗಿದೆ. ಮುಖ್ಯವಾಗಿ, ಕೊನೆಗೆ ಬರುವ ತೊಂದರೆಯನ್ನು ನೀವೇ ಹೇಳಿದ್ದೀರಿ. ಅದನ್ನು ಮುಚ್ಚಿಟ್ಟು ಆಮೇಲೆ ಇನ್ಯಾರೋ ಹೇಳಿದರೆ, ನಿಮ್ಮ 38 ಮತ್ತು 14ರ ಮೇಲೂ ಅನುಮಾನ ಬರುತ್ತದೆ.

ಒಂದು ಮಾತು ಸಿಸಿ ಬಗ್ಗೆ. ಒಬ್ಬರ ಮೇಲೆ ಒತ್ತಡ ಹಾಕಲು ಅವರ ಮೇಲಧಿಕಾರಿಯನ್ನು ಸಿಸಿಯಲ್ಲಿ ಸೇರಿಸುವುದನ್ನು ಎಲ್ಲರೂ ಗುರುತಿಸುತ್ತಾರೆ, ಯಾರೂ ಮರೆಯುವುದಿಲ್ಲ.

5. ಮೇಲಿನವರಿಗೆ ಹೇಳುವಾಗ ವಿನಯ ಇರಲಿ, ಮಸುಕು ಬೇಡ

ದೊಡ್ಡವರ ಮುಂದೆ ಸುತ್ತಿಬಳಸಿ ಮಾತಾಡುವುದು ನಮ್ಮಲ್ಲನೇಕರಿಗೆ ಅಭ್ಯಾಸ. ‘ಸರ್, ಸ್ವಲ್ಪ ತೊಂದರೆ ಇರಬಹುದೇನೋ ಅನ್ಸುತ್ತೆ’ ಎಂಬ ಮಾತಿನಲ್ಲಿ ಮೂರು ಮುಸುಕುಗಳಿವೆ: ಸ್ವಲ್ಪ, ಇರಬಹುದೇನೋ, ಅನ್ಸುತ್ತೆ. ಸಣ್ಣ ವಿಷಯಕ್ಕೆ ಇದರಿಂದ ನಷ್ಟವಿಲ್ಲ. ದೊಡ್ಡ ವಿಷಯಕ್ಕೆ ಇದು ಅಪಾಯ.

1990ರ ಜನವರಿ 25ರಂದು ಏವಿಯಾಂಕಾ 52 ಎಂಬ ವಿಮಾನ ನ್ಯೂಯಾರ್ಕ್‌ಗೆ ಹೋಗುವ ದಾರಿಯಲ್ಲಿ ಆಕಾಶದಲ್ಲೇ ಒಟ್ಟು ಒಂದು ಗಂಟೆಗೂ ಹೆಚ್ಚು ಹೊತ್ತು ಸುತ್ತು ಹಾಕಬೇಕಾಯಿತು. ಇಂಧನ ಮುಗಿಯುತ್ತಾ ಬಂದಿದೆ ಎಂದು ವಿಮಾನದವರು ನಿಯಂತ್ರಕರಿಗೆ ಹೇಳಿದರು. ಆದರೆ ‘ತುರ್ತು ಪರಿಸ್ಥಿತಿ’ ಎಂದು ಘೋಷಿಸುವ ಪದವನ್ನು ಬಳಸಲೇ ಇಲ್ಲ. ಆ ದಟ್ಟಣೆಯಲ್ಲಿ ನಿಯಂತ್ರಕರು ಉಳಿದ ವಿಮಾನಗಳಂತೆಯೇ ಅದನ್ನೂ ನಡೆಸಿದರು. ಇಂಧನ ಪೂರ್ತಿ ಖಾಲಿಯಾಗಿ ವಿಮಾನ ಬಿತ್ತು, 158 ಮಂದಿಯಲ್ಲಿ 73 ಮಂದಿ ಸತ್ತರು. ಹೇಳಿದ್ದರು, ನಿಜ. ಕೇಳುವವರು ಮಾಡಬೇಕಾದ ಕೆಲಸ ಬದಲಾಗುವಂತೆ ಹೇಳಿರಲಿಲ್ಲ.

ಇದಕ್ಕೆ ಆಸ್ಪತ್ರೆಗಳಲ್ಲಿ ಬಳಸುವ ಒಂದು ಕ್ರಮ ಯಾವ ಕಚೇರಿಗೂ ಹೊಂದುತ್ತದೆ. ಅಮೆರಿಕದ ನೌಕಾಪಡೆಯಿಂದ ವೈದ್ಯಲೋಕಕ್ಕೆ ಬಂದ ಇದನ್ನು ನರ್ಸ್‌ಗಳು ವೈದ್ಯರಿಗೆ ಫೋನಿನಲ್ಲಿ ರೋಗಿಯ ಸ್ಥಿತಿ ಹೇಳುವಾಗ ಅನುಸರಿಸುತ್ತಾರೆ. ನಾಲ್ಕೇ ಭಾಗ: ಈಗ ಏನಾಗಿದೆ, ಹಿನ್ನೆಲೆ ಏನು, ನನ್ನ ಅಂದಾಜೇನು, ಏನು ಮಾಡಬೇಕೆಂದು ಕೋರುತ್ತೇನೆ. ಬಾಯಲ್ಲಿ ಹೇಳಿದರೆ ಅರ್ಧ ನಿಮಿಷ: ‘ಮೇಡಂ, ಇವತ್ತು 29, ಇನ್ನೂ 60 ಬಿಲ್ ಬರೋದಿದೆ. ಹೋದ ತಿಂಗಳೂ ಹೀಗೇ ಆಗಿ ವರದಿ ನಾಲ್ಕು ದಿನ ತಡ ಆಯ್ತು. ಈ ಸಲವೂ 3ನೇ ತಾರೀಖಿಗೆ ಮುಗಿಯಲ್ಲ ಅಂತ ನನ್ನ ಲೆಕ್ಕ. ಇನ್ನಿಬ್ಬರನ್ನ ಎರಡು ದಿನಕ್ಕೆ ಕೊಡಿ, ಇಲ್ಲಾಂದ್ರೆ ವರದಿ 6ಕ್ಕೆ ಅಂತ ಮೇಲಿನವರಿಗೆ ಈಗಲೇ ತಿಳಿಸೋಣ.’ ವಿನಯ ‘ಮೇಡಂ’ ಎನ್ನುವುದರಲ್ಲಿದೆ, ‘ಕೊಡಿ’ಯಲ್ಲಿದೆ, ಎರಡು ದಾರಿ ಅವರ ಮುಂದಿಟ್ಟು ಆಯ್ಕೆ ಅವರಿಗೇ ಬಿಟ್ಟದ್ದರಲ್ಲಿದೆ. ವಿಷಯದ ಮೇಲೆ ಮಾತ್ರ ಮುಸುಕಿಲ್ಲ.

ಹೆಚ್ಚಿನವರು ಇದನ್ನು ತಲೆಕೆಳಗಾಗಿ ಹೇಳುತ್ತಾರೆ. ಹಿನ್ನೆಲೆಯಿಂದ ಶುರುಮಾಡಿ, ಅಂದಾಜಿಗೆ ಬರುವಷ್ಟರಲ್ಲಿ ಮೇಡಂಗೆ ಇನ್ನೊಂದು ಫೋನ್ ಬಂದಿರುತ್ತದೆ. ಕೊನೆಯ ಭಾಗವನ್ನಂತೂ ‘ನಾನು ಹೇಳೋದು ಸರಿಯಲ್ಲ’ ಎಂದು ಬಿಟ್ಟೇಬಿಡುತ್ತಾರೆ. ಅದನ್ನು ಬಿಟ್ಟರೆ ಅದು ಬರೀ ವರದಿ.

ಮೇಲಧಿಕಾರಿಯ ನಿರ್ಧಾರವೇ ತಪ್ಪೆನಿಸಿದಾಗ, ಮೊದಲು ಅವರ ಗುರಿಯನ್ನು ನಿಮ್ಮ ಬಾಯಲ್ಲಿ ಹೇಳಿ, ಆಮೇಲೆ ಅಡ್ಡಿ ಹೇಳಿ: ‘ವರದಿ 3ಕ್ಕೇ ಬೇಕು ಅನ್ನೋದು ಅರ್ಥ ಆಯ್ತು ಸರ್. ಪರಿಶೀಲನೆ ಬಿಟ್ಟು ಕೊಟ್ಟರೆ ತಪ್ಪು ಹೊರಗೆ ಹೋಗುತ್ತೆ, ಅದು ನನಗೆ ಆತಂಕ.’ ಒಮ್ಮೆ ಕಿವಿಗೆ ಹಾಕಿಕೊಳ್ಳದಿದ್ದರೆ ಎರಡನೇ ಸಲ, ಬೇರೆ ಪದದಲ್ಲಿ, ಅಷ್ಟೇ ಶಾಂತವಾಗಿ ಹೇಳಿ. ಮೊದಲ ಸಲ ಕೇಳಿಸದೇ ಇರಬಹುದು. ಎರಡು ಸಲ ಸ್ಪಷ್ಟವಾಗಿ ಹೇಳಿದ ಮೇಲೆ ನಿರ್ಧಾರ ಅವರದು.

6. ಎದುರು ಕೂತಾಗ

ಬೇಡಿಕೆ ಹೇಳಿದ ಕೂಡಲೇ ಬಾಯಿ ಮುಚ್ಚಿ. ಇದು ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಎದುರಿನವರು ಎರಡು ಕ್ಷಣ ಸುಮ್ಮನಾದರೆ ನಮಗೆ ತಳಮಳ ಶುರುವಾಗಿ, ‘25 ಅಲ್ಲದಿದ್ರೂ 27 ಆದ್ರೂ ಪರವಾಗಿಲ್ಲ ಸರ್’ ಎಂದು ಯಾರೂ ಕೇಳದಿದ್ದರೂ ಬಿಟ್ಟುಕೊಡುತ್ತೇವೆ. ಅವರು ಯೋಚಿಸುತ್ತಿದ್ದರು, ಅಷ್ಟೇ. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳಲ್ಲಿ ಕಂಡದ್ದು ಇದನ್ನೇ: ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡು ಅಥವಾ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಕಾರಣಸಹಿತವಾದವು. ಮನಸ್ಸಿನಲ್ಲೇ ಒಂದರಿಂದ ಐದು ಎಣಿಸಿ.

ಆಕ್ಷೇಪಣೆ ಬಂದಾಗ ‘ಆದರೆ’ ಎಂದು ಶುರುಮಾಡಬೇಡಿ. ಮೊದಲು ಅವರ ಮಾತನ್ನೇ ಅವರಿಗೆ ಹೇಳಿ: ‘ಅಂದ್ರೆ, 25ರ ನಂತರ ಖರ್ಚು ಮಾಡಿದವರಿಗೆ ಹಣ ಒಂದು ತಿಂಗಳು ತಡ ಆಗುತ್ತೆ ಅಂತ ನಿಮ್ಮ ಚಿಂತೆ, ಸರಿನಾ?’ ಅವರು ‘ಹೌದು, ಅದೇ’ ಎನ್ನುವವರೆಗೆ ಉತ್ತರ ಕೊಡಬೇಡಿ. ಎಷ್ಟೋ ಸಲ ಅವರು ‘ಅದಲ್ಲ, ನಾನು ಹೇಳಿದ್ದು…’ ಎಂದು ನಿಜವಾದ ಆಕ್ಷೇಪಣೆಯನ್ನು ಆಗಲೇ ಹೊರಗೆ ಹಾಕುತ್ತಾರೆ. ನೀವು ತಪ್ಪು ಪ್ರಶ್ನೆಗೆ ಉತ್ತರ ಹೇಳುವುದು ತಪ್ಪಿತು.

ಇಷ್ಟಾದ ಮೇಲೂ ‘ನೋಡೋಣ’ ಬರಬಹುದು. ಆ ಪದದ ಹಿಂದೆ ಏನಿದೆ ಎಂದು ಮೆತ್ತಗೆ ಕೇಳಿ: ‘ಖಂಡಿತ ಸರ್. ಯಾವ ಭಾಗ ಇನ್ನೂ ನೋಡಬೇಕು ಅನ್ಸುತ್ತೆ? ಅದರ ವಿವರ ನಾನು ತಂದುಕೊಡ್ತೀನಿ.’ ಉತ್ತರ ಮೂರರಲ್ಲೊಂದು ಇರುತ್ತದೆ. ವಿವರ ಸಾಲದು ಎಂದರೆ ಯಾವ ವಿವರ ಎಂದು ಬರೆದುಕೊಳ್ಳಿ. ಇನ್ನೊಬ್ಬರನ್ನು ಕೇಳಬೇಕು ಎಂದರೆ, ‘ಅವರನ್ನ ನಾನೇ ಕಂಡು ಮಾತಾಡಲಾ, ನೀವು ಮಾತಾಡ್ತೀರಾ?’ ಎಂದು ಕೇಳಿ. ಸ್ಪಷ್ಟ ಉತ್ತರವೇ ಇಲ್ಲದೆ ನುಣುಚಿಕೊಂಡರೆ ಭಯ ಇದೆ ಎಂದರ್ಥ, ತಪ್ಪಾದರೆ ತಮ್ಮ ಹೆಸರು ಕೆಡುತ್ತದೆ ಎಂಬ ಭಯ. ಭಯಕ್ಕೆ ಅಂಕಿ ಮದ್ದಲ್ಲ. ಬೇಡಿಕೆಯನ್ನು ಚಿಕ್ಕದು ಮಾಡಿ: ಎಲ್ಲ ವಿಭಾಗ ಬೇಡ, ಒಂದೇ ವಿಭಾಗ. ಶಾಶ್ವತ ಬೇಡ, ಮೂರು ತಿಂಗಳು. ಕೆಲಸ ಮಾಡದಿದ್ದರೆ ಹಳೆಯದಕ್ಕೇ ಮರಳೋಣ ಎಂಬ ಸಾಲನ್ನು ಸುತ್ತೋಲೆಯಲ್ಲೇ ಬರೆಯಿರಿ. ಹಿಂದಕ್ಕೆ ಬರಲು ದಾರಿ ಇದೆ ಎಂದು ಗೊತ್ತಾದರೆ ಜನ ಮುಂದಕ್ಕೆ ಹೆಜ್ಜೆ ಇಡುತ್ತಾರೆ. ಪ್ರಯೋಗ ಶುರುವಾಗುವ ಮೊದಲೇ ಅಳತೆ ಏನೆಂದು ಒಪ್ಪಿಕೊಳ್ಳಿ, ಉದಾಹರಣೆಗೆ ತಿದ್ದಬೇಕಾದ ಬಿಲ್ ತಿಂಗಳಿಗೆ ನಾಲ್ಕಕ್ಕಿಂತ ಕಡಿಮೆ ಆಗಬೇಕು. ಇಲ್ಲದಿದ್ದರೆ ಮೂರು ತಿಂಗಳ ಮೇಲೆ ಯಶಸ್ಸೋ ಸೋಲೋ ಎಂಬ ಹೊಸ ಚರ್ಚೆ ಹುಟ್ಟುತ್ತದೆ.

7. ಒಪ್ಪಿಗೆ ಸಿಕ್ಕ ಮೇಲೆ

‘ಆಯ್ತು, ಮಾಡಿ’ ಎಂದ ಕ್ಷಣ ಸಂತೋಷದಲ್ಲಿ ಎದ್ದು ಬರಬೇಡಿ. ವಿಮಾನದ ಪೈಲಟ್ ನಿಯಂತ್ರಕರ ಸೂಚನೆಯನ್ನು ತಿರುಗಿ ಓದಿ ಹೇಳುವಂತೆ ನೀವೂ ಹೇಳಿ: ‘ಹಾಗಾದ್ರೆ ಸುತ್ತೋಲೆ ನಾಳೆ ನಿಮ್ಮ ಸಹಿಗೆ ಕಳಿಸ್ತೀನಿ, ಮುಂದಿನ ತಿಂಗಳ 1ರಿಂದ ಜಾರಿ, ಮೂರು ತಿಂಗಳ ಮೇಲೆ ಮತ್ತೆ ಕೂತು ನೋಡ್ತೀವಿ.’ ಅವರ ತಲೆಯಲ್ಲಿ ಬೇರೇನಾದರೂ ಇದ್ದರೆ ಅಲ್ಲೇ ತಿಳಿಯುತ್ತದೆ. ಅದೇ ದಿನ, ತಡವೆಂದರೆ ಮರುದಿನ ಬೆಳಿಗ್ಗೆ, ನಾಲ್ಕು ಸಾಲಿನ ಮೇಲ್ ಕಳಿಸಿ: ಏನು ತೀರ್ಮಾನವಾಯಿತು, ಯಾರು ಏನು ಮಾಡುತ್ತಾರೆ, ಯಾವ ತಾರೀಖಿಗೆ. ‘ಎಲ್ಲರೂ ಗಮನಿಸುವುದು’ ಎಂದು ಬರೆದರೆ ಯಾರೂ ಗಮನಿಸುವುದಿಲ್ಲ, ಹೆಸರು ಬರೆಯಿರಿ.

ನೆನಪಿಸುವಾಗ ‘ಏನಾಯ್ತು ಸರ್?’ ಎಂದು ಕೇಳಿದರೆ ಅವರು ಹಳೆಯ ಮೇಲ್ ಹುಡುಕಬೇಕು. ಕರಡನ್ನು ಮತ್ತೆ ಲಗತ್ತಿಸಿ, ‘ಸಹಿ ಮಾತ್ರ ಬಾಕಿ ಇದೆ, ಇವತ್ತು ಆದ್ರೆ ನಾಳೆಯೇ ಎಲ್ಲರಿಗೂ ಕಳಿಸ್ತೀನಿ’ ಎನ್ನಿ. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಬೇಡ. ಮೂರು ಸಲ ಆದ ಮೇಲೆ ಮೇಲ್ ನಿಲ್ಲಿಸಿ, ಎದುರು ಹೋಗಿ ಏನು ಅಡ್ಡಿಯಾಗಿದೆ ಎಂದು ಕೇಳಿ.

ಉತ್ತರ ‘ಬೇಡ’ ಎಂದೇ ಬಂದರೆ, ಏನು ಬದಲಾದರೆ ಮತ್ತೆ ಪರಿಗಣಿಸಬಹುದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ‘ವರ್ಷದ ಲೆಕ್ಕ ಮುಗಿದ ಮೇಲೆ ಬನ್ನಿ’ ಎಂದರೆ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಲ್ಲಿಯವರೆಗೆ ರಿಜಿಸ್ಟರ್‌ನಲ್ಲಿ ಪ್ರತಿ ಬಿಲ್‌ನ ಮುಂದೆ ಎರಡು ಕಾಲಂ ತುಂಬುತ್ತಾ ಬನ್ನಿ, ಬಂದ ದಿನ ಮತ್ತು ತಿದ್ದಿದ್ದೋ ಇಲ್ಲವೋ. ಮುಂದಿನ ಸಲ ಹೋಗುವಾಗ ಆರು ತಿಂಗಳಿನದಲ್ಲ, ಒಂದು ವರ್ಷದ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.